ಸಾಕ್ಷಿಗೆ ಉಳಿಸಿದ ಮೊಟ್ಟೆ

ನಸುಕಿನ ಐದೂವರೆ. ನೀಲಗುಂದದ ಮಾರೆಮ್ಮ ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ತೂರಿಸಿ ಒಂದೊಂದೇ ಮೊಟ್ಟೆ ತೆಗೆಯುತ್ತಾರೆ. ಬ್ಯಾಟರಿ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ತಿರುಗಿಸಿ ನೋಡುತ್ತಾರೆ. ಕಾವಿಗಿಡುವಾಗ ತಾವು ಸುತ್ತ ಎಳೆದ ಇದ್ದಿಲ ಗೆರೆ ಇಲ್ಲದ್ದು ಸಿಕ್ಕರೆ ಅದು ಬುಟ್ಟಿಯಿಂದಾಚೆ. "ಬ್ಯಾರೆ ಕೋಳಿ ಬಂದು ಕಳ್ಳತನದಾಗ ಇಲ್ಲಿ ಮೊಟ್ಟಿ ಇಟ್ಟು ಹೋಗತೈತ್ರಿ. ಕೋಳಿನೂ ನಂಬಬಾರದು," ಎನ್ನುತ್ತಾರೆ.

ಕೋಳಿ ಹದಿನಾಲ್ಕು, ವಾರಕ್ಕೆ ಮೊಟ್ಟೆ ನಲವತ್ತು. ಹನ್ನೆರಡು ದಿನ ಕಾವು ಕಂಡವು ಒಂದು ಡಬ್ಬಿ, ಹದಿನಾಲ್ಕು ದಿನದವು ಇನ್ನೊಂದು. ಅರಳೆ ಹಾಸಿದ ಡಬ್ಬಿಗಳು ಬಸ್ಸು ಹತ್ತಿ ದಾವಣಗೆರೆಯ ಪ್ರಯೋಗಾಲಯವೊಂದಕ್ಕೆ ಹೋಗುತ್ತವೆ. ಗಂಡ ತೀರಿಕೊಂಡ ಮೇಲೆ, ಆರು ವರ್ಷದ ಹಿಂದೆ, ತೊಂಬತ್ತೇಳರಲ್ಲಿ ಹಿಡಿದ ಕೆಲಸ ಇದು. ಮಗಳು ಸಮತಾಳ ನರ್ಸಿಂಗ್ ಓದು ಇದರ ಮೇಲೇ ನಿಂತಿದೆ. ಮಾಟಕ್ಕೆ ಮೊಟ್ಟೆ ಕಳಿಸುತ್ತಾಳೆಂದು ಊರು ಆಡಿಕೊಂಡದ್ದೂ ಉಂಟು.

ಪ್ರಯೋಗಾಲಯದ ಸಂಶೋಧಕ ಅರುಣಕುಮಾರ್ ವಿವರಿಸುವುದು ಇಷ್ಟು. ಮಿದುಳಿನಲ್ಲಿ ಒಂದು ನರಕೋಶದ ಸುದ್ದಿ ಹಿಡಿಯಲು ಇನ್ನೊಂದರ ಮೇಲೆ ಗ್ರಾಹಕಗಳಿರುತ್ತವೆ. ಅವನ್ನು ಕಟ್ಟುವ ಬಗೆ ಡಿಎನ್‌ಎಯಲ್ಲಿ ಬರೆದಿದೆ. ಕೋಶ ಅದರ ಆರ್‌ಎನ್‌ಎ ನಕಲು ತೆಗೆದು, ಕಟ್ಟುವ ಮೊದಲು ನಕಲಿನ ಒಂದು ಅಕ್ಷರ ತಿದ್ದುತ್ತದೆ. ಮೊಟ್ಟೆಯೊಳಗೆ ಮರಿ ಬೆಳೆದಂತೆ ತಿದ್ದಿದ ನಕಲುಗಳೂ ಹೆಚ್ಚುತ್ತವೆ. ಹಾಗಾಗಿ ಮೊಟ್ಟೆಯ ವಯಸ್ಸು ತಪ್ಪಿದರೆ ಎಲ್ಲ ಹಾಳು.

ಕಳೆದ ಶ್ರಾವಣದ ಒಂದು ಗುರುವಾರ ಕಳಿಸಿದ ಹದಿನಾಲ್ಕು ದಿನದ ಮೊಟ್ಟೆಗಳಲ್ಲಿ ತಿದ್ದುಪಡಿ ಕಡಿಮೆ ಕಂಡಿತು. ಮುಂದಿನ ಬುಧವಾರ ಅರುಣಕುಮಾರ್ ಬಾಗಿಲಿಗೇ ಬಂದರು. ಇವು ಹದಿನಾಲ್ಕಲ್ಲ, ಹನ್ನೆರಡು ದಿನದವು, ಹೀಗೆ ಸುಳ್ಳು ಹೇಳಿದರೆ ಇನ್ನು ಮೊಟ್ಟೆ ಬೇಡ ಎಂದರು. ಮಾರೆಮ್ಮನಿಗೆ ಸಿಟ್ಟಿಗಿಂತ ಅವಮಾನವೇ ಹೆಚ್ಚಾಯಿತು.

ಆದರೆ ಯಾರನ್ನೂ ನಂಬದ ಹೆಣ್ಣುಮಗಳು ಇವರು. ಪ್ರತಿ ಸಲ ಕಳಿಸುವ ಗುಂಪಿನಿಂದ ಒಂದು ಮೊಟ್ಟೆಯನ್ನು ಕೋಳಿಯಡಿಯೇ ಉಳಿಸಿಕೊಳ್ಳುತ್ತಾರೆ.

"ಆ ಗುಂಪಿನ ಒಂದು ಮೊಟ್ಟಿ ಇಲ್ಲೇ ಐತ್ರಿ, ಗುರುವಾರ ಕಾವಿಗೆ ಇಟ್ಟಿದ್ದು. ಮೂರು ವಾರಕ್ಕ ಗುರುವಾರನ ಒಡೀಬೇಕು, ನೀವು ಅಂದಂಗ ಇದ್ರ ಶನಿವಾರ. ನಾಳಿ ಬಂದು ನೋಡ್ರಿ," ಎಂದರು.

ಮರುದಿನ ಅರುಣಕುಮಾರ್ ಬಂದು ಬುಟ್ಟಿಯ ಮುಂದೆ ಕೂತರು. ಮಧ್ಯಾಹ್ನದೊಳಗೆ ಚಿಪ್ಪು ಬಿರಿದು ಕೊಕ್ಕು ಕಂಡಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ವಾಪಸು ಹೋಗಿ ಹುಡುಕಿದಾಗ ತಪ್ಪು ಸಿಕ್ಕಿದ್ದು ಪ್ರಯೋಗಾಲಯದಲ್ಲೇ. ಹನ್ನೆರಡು, ಹದಿನಾಲ್ಕು ದಿನದ ಸೀಸೆಗಳ ಚೀಟಿ ಅದಲುಬದಲಾಗಿತ್ತು. ಅವರು ಮತ್ತೆ ಬಂದು ತಪ್ಪಾಯಿತೆಂದರು.

ಮೊಟ್ಟೆ ಈಗಲೂ ಹೋಗುತ್ತಿವೆ, ಒಂದು ಈಗಲೂ ಉಳಿಯುತ್ತದೆ. ಏನಾದರೂ ಆಸೆಯಿದೆಯೇ ಎಂದರೆ ಮಾರೆಮ್ಮ ಬ್ಯಾಟರಿ ಆರಿಸುತ್ತಾರೆ.

"ಮಿದುಳಾಗ ಅಕ್ಷರ ತಿದ್ದತೈತಿ ಅಂತಾರ ಸಾಹೇಬ್ರು. ನಾ ಮರಿ ತೋರಿಸೀನಿ. ಒಮ್ಮಿ ಅವರು ಆ ಅಕ್ಷರ ತೋರಿಸಲಿ, ನಂಬತೀನಿ."