ಟಿಕ್ ಅಂದರೆ ಒತ್ತು

ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಅವರನ್ನು ಊರೆಲ್ಲ ಪಾಸ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಅವರ ಕೈಗೆ ಸಿಕ್ಕ ಶಿಷ್ಯರಿಗೆ ಗಾಡಿ ಓಡಿಸಲು ಬರುತ್ತಿತ್ತೋ ಇಲ್ಲವೋ ದೇವರೇ ಬಲ್ಲ, ಪಾಸಾಗಲಂತೂ ಬರುತ್ತಿತ್ತು. ರಿವರ್ಸ್ ತೆಗೆಯುವಾಗ ಹಿಂದೆ ನೋಡು ಎಂದು ಅವರು ಹೇಳಿಕೊಟ್ಟದ್ದೇ ಇಲ್ಲ. ಪಕ್ಕದ ಕಿಟಕಿಯ ಮೂಲೆಗೆ ಕಂಬ ಬಂತೋ, ಸ್ಟೀರಿಂಗ್ ಪೂರ್ತಿ ತಿರುಗಿಸು, ಅಷ್ಟೇ. ಪರೀಕ್ಷೆಯ ಮೈದಾನದಲ್ಲಿ ಆ ಕಂಬ ಎಲ್ಲಿಗೂ ಎದ್ದು ಹೋಗುವುದಿಲ್ಲವಲ್ಲ! ಹೀಗೆ ಪಾಸಾದ ಮಹಾನುಭಾವರು ಮರುದಿನವೇ ಯಾರದೋ ಕಾಂಪೌಂಡಿಗೆ ಗುದ್ದಿದರೆ ಮೇಷ್ಟ್ರು ಮೀಸೆಯಲ್ಲೇ ನಗುತ್ತಿದ್ದರು.

"ಅದು ರಸ್ತೆ ಕಣ್ರೀ. ನಾನು ಕಲಿಸೋದು ಪರೀಕ್ಷೆಗೆ."

ಇಂಥವರ ಕಣ್ಣಿನ ಒತ್ತಡ ಹೆಚ್ಚಾಗಿದೆ ಎಂದು ಕಣ್ಣಿನ ಡಾಕ್ಟರಮ್ಮ ಹೇಳಿದರು. ಇದು ಗ್ಲಾಕೋಮಾ, ನೋವಿಲ್ಲದೆ ಅಂಚಿನಿಂದ ಒಳಕ್ಕೆ ನೋಟವನ್ನು ತಿನ್ನುತ್ತಾ ಬರುತ್ತದೆ, ಎಷ್ಟು ತಿಂದಿದೆ ಎಂದು ತಿಳಿಯಲು ಕಂಪ್ಯೂಟರಿನಲ್ಲಿ ಪರೀಕ್ಷೆ ಆಗಬೇಕು ಎಂದು ಆಕೆ ಬಿಡಿಸಿ ಹೇಳಿದ್ದರು. ಮೇಷ್ಟ್ರ ಕಿವಿಗೆ ಬಿದ್ದದ್ದು ಪರೀಕ್ಷೆ ಎಂಬ ಮಾತೊಂದೇ. ಕಣ್ಣು ಹೋದೀತೆಂದು ಅವರು ಹೆದರಲಿಲ್ಲ, ಫೇಲಾದೇನೆಂದು ಹೆದರಿದರು.

ಕತ್ತಲೆ ಕೋಣೆ. ದೊಡ್ಡ ಬೋಗುಣಿಯನ್ನು ಮುಖಕ್ಕೆ ಎದುರಾಗಿ ನಿಲ್ಲಿಸಿದ ಹಾಗಿನ ಯಂತ್ರ. ಗದ್ದವನ್ನು ಪಟ್ಟಿಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಲ್ಲಿ ನಡುವಿನ ಹಳದಿ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಚುಕ್ಕೆಯಷ್ಟು ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು.

"ಎಲ್ಲಾ ಬೆಳಕೂ ಯಾರಿಗೂ ಕಾಣಲ್ಲ ಸಾರ್. ಕಂಡಾಗ ಮಾತ್ರ ಒತ್ತಿ," ಎಂದಳು ಯಂತ್ರ ನಡೆಸುವಾಕೆ.

ಯಾರಿಗೂ ಕಾಣಲ್ಲವಂತೆ! ತನ್ನನ್ನು ಯಾರೆಂದುಕೊಂಡಿದ್ದಾಳೆ ಇವಳು ಎಂದು ಮೇಷ್ಟ್ರು ಒಳಗೊಳಗೇ ಉರಿದರು. ಸ್ವಲ್ಪ ಹೊತ್ತಿನಲ್ಲೇ ಅವರಿಗೆ ತಮ್ಮ ಕಂಬ ಸಿಕ್ಕಿಬಿಟ್ಟಿತು. ಪ್ರತಿ ಬೆಳಕಿಗೂ ಮುಂಚೆ ಯಂತ್ರದ ಹೊಟ್ಟೆಯೊಳಗೆ ಟಿಕ್ ಎಂದು ಏನೋ ತಿರುಗುತ್ತಿತ್ತು. ಟಿಕ್ ಅಂದರೆ ಒತ್ತು. ಬೆಳಕು ಕಂಡರೆಷ್ಟು, ಬಿಟ್ಟರೆಷ್ಟು!

ಮೊದಲ ಸಲ ಸಿಕ್ಕಿಬಿದ್ದರು. "ಬೆಳಕು ಬರದೇ ಇದ್ದಾಗ್ಲೂ ಒತ್ತಿದ್ದೀರಲ್ಲ ಸಾರ್. ಇದನ್ನ ನಂಬೋ ಹಾಗಿಲ್ಲ, ಇನ್ನೊಂದ್ಸಲ ಮಾಡೋಣ," ಎಂದಳು ಆಕೆ. ಕಳ್ಳದಾರಿಗಳನ್ನು ಅರೆದು ಕುಡಿದವರಿಗೆ ಅಷ್ಟು ಸಾಕಾಯಿತು. ಯಂತ್ರ ಆಗಾಗ ಬರೀ ಸದ್ದು ಮಾಡಿ ತನ್ನಂಥವರನ್ನು ಹಿಡಿಯುತ್ತದೆ ಎಂದು ಅರ್ಥವಾಯಿತು. ಎರಡನೇ ಸಲ ಬೇಕೆಂದೇ ಅಲ್ಲೊಂದು ಇಲ್ಲೊಂದು ಟಿಕ್ಕನ್ನು ಬಿಟ್ಟುಕೊಟ್ಟರು. ನೋಟ ಹೋದ ಕಡೆ ಕಪ್ಪಾಗಬೇಕಿದ್ದ ಚಾರ್ಟು ಬೆಳ್ಳಗೆ ಬಂತು.

"ಚಾರ್ಟೇನೋ ಚೆನ್ನಾಗಿದೆ. ಆದ್ರೆ ನಿಮ್ಮ ಕಣ್ಣಿನ ನರ ನೋಡಿದ್ರೆ ನಂಗೆ ನಂಬಿಕೆ ಬರ್ತಿಲ್ಲ. ದಿನಾ ಹನಿ ಹಾಕ್ಕೊಳ್ಳಿ," ಎಂದರು ಡಾಕ್ಟರಮ್ಮ. ಮೇಷ್ಟ್ರು ಮೊದಲ ವಾಕ್ಯವನ್ನು ಮಾತ್ರ ಮನೆಗೆ ತಂದರು.

"ರೀ, ಹನಿ ಹಾಕ್ಕೊಂಡ್ರಾ?" ಎಂದು ಹೆಂಡತಿ ಕೇಳಿದರೆ, "ಪಾಸಾದವನಿಗೆ ಯಾಕೆ ಟ್ಯೂಷನ್ನು?" ಎಂದು ನಕ್ಕರು. ಹನಿಯ ಬಾಟ್ಲಿ ಸೀಲೂ ಒಡೆಯದೆ ಕಪಾಟಿನಲ್ಲಿ ಧೂಳು ತಿಂದಿತು. ವರ್ಷ ವರ್ಷವೂ ಪರೀಕ್ಷೆ, ವರ್ಷ ವರ್ಷವೂ ಪಾಸು. ಎಡಗಡೆ ಇಟ್ಟ ಲೋಟ ಕೈ ತಗುಲಿ ಉರುಳಿದರೆ ಲೋಟ ಇಟ್ಟವಳ ತಪ್ಪು. ಎಡಗಡೆಯಿಂದ ಸೈಕಲ್ ಬಂದರೆ ಅದು ಆಕಾಶದಿಂದ ಉದುರಿದ್ದು. ಹೆಂಡತಿ ಹೇಳಿ ಹೇಳಿ ಸಾಕಾಗಿ, ಊಟಕ್ಕೆ ಅವರ ಬಲಗಡೆ ಕೂರುವುದನ್ನು ರೂಢಿ ಮಾಡಿಕೊಂಡಳು.

ಈ ವರ್ಷ ಆಸ್ಪತ್ರೆಗೆ ಹೊಸ ಯಂತ್ರ ಬಂದಿತ್ತು. ಮೇಷ್ಟ್ರು ಎಂದಿನ ಗತ್ತಿನಲ್ಲೇ ಗದ್ದ ಇಟ್ಟು ಕಿವಿ ನಿಮಿರಿಸಿ ಕೂತರು. ಸದ್ದೇ ಇಲ್ಲ! ಬಲಗಣ್ಣಿಗೆ ಅಲ್ಲೊಂದು ಇಲ್ಲೊಂದು ಬೆಳಕು ಕಂಡಿತು, ಗೊಣಗುತ್ತಾ ಒತ್ತಿದರು. ಆಮೇಲೆ ಎಡಗಣ್ಣು. ನಡುವಿನ ಹಳದಿ ದೀಪ ಮಾತ್ರ ಕಾಣುತ್ತಿತ್ತು. ಅವರು ಕಾದರು. ಕುತ್ತಿಗೆ ನೋಯತೊಡಗಿತು. ಯಂತ್ರ ಕೆಟ್ಟಿರಬೇಕೆಂದು ಅವರಿಗೆ ಖುಷಿಯೂ ಆಯಿತು.

"ಏನಮ್ಮಾ, ಇನ್ನೂ ಶುರು ಮಾಡಿಲ್ವಾ?"

"ಮುಗೀತು ಸಾರ್," ಎಂದಳು ಆಕೆ ಮೆಲ್ಲಗೆ.

ಎಡಗಣ್ಣಿಗೆ ಒಂದು ಸಲವೂ ಒತ್ತದ ಗುಂಡಿಯನ್ನು ಮೇಷ್ಟ್ರು ಕೆಳಗಿಟ್ಟರು. ಎಡಗಣ್ಣಿನ ಚಾರ್ಟು ಕರ್ರಗೆ ಬಂದಿತ್ತು. ಡಾಕ್ಟರಮ್ಮ ಅದನ್ನೂ ಹಳೆಯ ಬಿಳಿ ಚಾರ್ಟುಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಹೋದ ನೋಟ ವಾಪಸ್ ಬರಲ್ಲ. ಇನ್ನಾದ್ರೂ ಹನಿ ಹಾಕ್ಕೊಂಡ್ರೆ ಬಲಗಣ್ಣಲ್ಲಿ ಉಳಿದಿರೋದನ್ನಾದ್ರೂ ಕಾಪಾಡಬಹುದು."

"ಹಾಗಾದ್ರೆ ಇಷ್ಟು ವರ್ಷ ಪಾಸಾಗಿದ್ದು ಯಾವ ಕಣ್ಣು ರೀ?" ಎಂದಳು ಜೊತೆಗೆ ಬಂದಿದ್ದ ಹೆಂಡತಿ. ಅವತ್ತು ಎಡಗಡೆಯ ಕುರ್ಚಿಯೊಂದೇ ಖಾಲಿಯಿದ್ದುದರಿಂದ ಆಕೆ ಅಲ್ಲೇ ಕೂತಿದ್ದಳು. ಆಕೆಯ ಮುಖ ಕಾಣಬೇಕಾದರೆ ಮೇಷ್ಟ್ರು ಕತ್ತನ್ನು ಪೂರ್ತಿ ತಿರುಗಿಸಬೇಕಾಯಿತು.

"ಕಿವಿ ಕಣೇ," ಎಂದರು.