ವಿಮೆಯವರು ಕಳಿಸಿದ ಹೆಂಗಸು

ವಯಸ್ಸಾದ ನಿರ್ದೇಶಕನೊಬ್ಬ ಸಿನಿಮಾ ತೆಗೆಯಲು ಹೊರಟರೆ ವಿಮಾ ಕಂಪನಿಯವರು ಒಂದು ಷರತ್ತು ಹಾಕುವುದುಂಟು. ನಿರ್ದೇಶಕ ನಡುವೆ ಹಾಸಿಗೆ ಹಿಡಿದರೆ, ಇಲ್ಲವೇ ಕಣ್ಣು ಮುಚ್ಚಿದರೆ, ಮರುದಿನವೇ ಅವನ ಜಾಗದಲ್ಲಿ ನಿಂತು ಕೆಲಸ ಮುಗಿಸಬಲ್ಲ ಇನ್ನೊಬ್ಬರು ಶೂಟಿಂಗ್ ನಡೆಯುವಲ್ಲಿ ದಿನವೂ ಹಾಜರಿರಬೇಕು. ಹಾಗಿದ್ದರೆ ಮಾತ್ರ ವಿಮೆ. ವಿಮೆ ಇದ್ದರೆ ಮಾತ್ರ ಬಂಡವಾಳ ಹಾಕುವವರು ಗಂಟು ಬಿಚ್ಚುತ್ತಾರೆ. ಡೆನ್ಮಾರ್ಕಿನಲ್ಲಿ ಈ ಕೆಲಸಕ್ಕೆ ಕರೆ ಬರುತ್ತಿದ್ದುದು ಹೆಚ್ಚಾಗಿ ವಿಬೆಕೆ ಟೋಫ್ಟ್ ಎಂಬ ಹೆಂಗಸಿಗೆ.

ವಿಬೆಕೆ ಪ್ರಾಯದಲ್ಲಿ ತಾನೇ ಎರಡು ಸಿನಿಮಾ ಮಾಡಿದ್ದಳು. ಮೊದಲನೆಯದನ್ನು ಪತ್ರಿಕೆಯವರು ಹೊಗಳಿದರು, ಜನ ನೋಡಲಿಲ್ಲ. ಎರಡನೆಯದನ್ನು ಹೊಗಳುವವರೂ ಇರಲಿಲ್ಲ. ಮೂರನೆಯದು ಕಾಗದದ ಮೇಲೇ ಉಳಿಯಿತು. ಓರ್ಹುಸ್ ನಗರದ ಹೊರಗೆ, ವಯಸ್ಕರು ಬಂದು ಕಲಿಯುವ ಶಾಲೆಯೊಂದರಲ್ಲಿ ಅವಳು ಫೋಟೋ ತೆಗೆಯುವುದನ್ನು ಹೇಳಿಕೊಡುತ್ತ ಉಳಿದುಬಿಟ್ಟಳು. ಗಂಡ ಜಗಳವಿಲ್ಲದೆ, ಒಂದು ಭಾನುವಾರ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೋದ. ಮಕ್ಕಳಿರಲಿಲ್ಲ. ಐವತ್ತು ದಾಟಿದ ಮೇಲೆ ವಿಮಾ ಕಂಪನಿಯಿಂದ ಒಬ್ಬರು ಫೋನ್ ಮಾಡಿದರು.

"ನಿಮಗೆ ಸಿನಿಮಾ ಗೊತ್ತು. ಆರೋಗ್ಯ ಚೆನ್ನಾಗಿದೆ. ಬೇರೆ ಸಿನಿಮಾ ಯಾವುದೂ ಕೈಯಲ್ಲಿಲ್ಲ. ಬರ್ತೀರಾ?"

ಮೂರನೆಯ ಮಾತು ಚುಚ್ಚಿತು. ಆದರೂ, ಕರೆ ಬಂದಾಗ ಶಾಲೆಗೆ ರಜೆ ಹಾಕಿ ಹೋಗಲು ಅವಳು ಒಪ್ಪಿಕೊಂಡಳು.

ಕೆಲಸವೆಂದರೆ ಕೂತಿರುವುದು. ಚಿತ್ರಕಥೆ ಬಾಯಿಪಾಠವಾಗಿರಬೇಕು, ಯಾವ ದೃಶ್ಯ ಎಲ್ಲಿಗೆ ಬಂದು ನಿಂತಿದೆ ಎಂಬುದು ತಿಳಿದಿರಬೇಕು, ಆದರೆ ತುಟಿ ಪಿಟಕ್ಕೆನ್ನುವಂತಿಲ್ಲ. ನಿರ್ದೇಶಕನ ಆರೋಗ್ಯದಲ್ಲಿ ಏರುಪೇರು ಕಂಡರೆ ಆ ದಿನವೇ ಕಂಪನಿಗೆ ತಿಳಿಸಬೇಕು. ಸೆಟ್ಟಿನ ಹುಡುಗರು ಅವಳಿಗೆ 'ಕಾಗೆ' ಎಂದು ಹೆಸರಿಟ್ಟಿದ್ದರು. ಯಾರು ಯಾವಾಗ ಸಾಯುತ್ತಾರೋ ಎಂದು ಕಾದು ಕೂತವಳು. ಊಟದ ಹೊತ್ತಿನಲ್ಲಿ ಅವಳ ಆಚೀಚೆ ಕುರ್ಚಿಗಳು ಖಾಲಿ ಇರುತ್ತಿದ್ದವು. ಹಿಂದೆ ಒಬ್ಬ ನಿರ್ದೇಶಕನಂತೂ ಚಿತ್ರೀಕರಣ ಮುಗಿಯುವವರೆಗೂ ಅವಳ ಕಡೆ ತಿರುಗಿ ನೋಡಿರಲಿಲ್ಲ. ಕೊನೆಯ ದಿನ ಎಲ್ಲರ ಕೈಕುಲುಕುತ್ತ ಬಂದವನು ಅವಳ ಮುಂದೆ ಬಂದಾಗ ಕೈಯನ್ನು ಜೇಬಿಗೆ ಇಳಿಸಿದ. ಅವಳು ಚಾಚಿದ್ದ ಕೈಯಿಂದ ತನ್ನ ಕೋಟಿನ ಗುಂಡಿ ಹಾಕಿಕೊಂಡಳು.

ಆಸ್ಗರ್ ವಿಂಥರ್ ಬೇರೆ ಜಾತಿಯ ಮನುಷ್ಯ. ಎಂಬತ್ತು ದಾಟಿತ್ತು, ಹೃದಯದೊಳಗೆ ಕೃತಕ ಕವಾಟವಿತ್ತು, ನಾಲಿಗೆ ಮಾತ್ರ ಇನ್ನೂ ಹರಿತ. ಜಟ್‌ಲಂಡಿನ ಪಶ್ಚಿಮ ಕರಾವಳಿಯಲ್ಲಿ, ದೋಣಿಗಳನ್ನು ಮರಳಿನ ಮೇಲೆಯೇ ಎಳೆದು ನಿಲ್ಲಿಸುವ ಸಣ್ಣ ಊರೊಂದರಲ್ಲಿ, ಅಕ್ಟೋಬರಿನ ಗಾಳಿಗೆ ಮೈಯೊಡ್ಡಿ ಅವನ ಚಿತ್ರೀಕರಣ ನಡೆದಿತ್ತು. ಮೀನುಗಾರನ ವಿಧವೆಯೊಬ್ಬಳು ಗಂಡನ ದೋಣಿಯನ್ನು ಮಾರಲು ಮನಸ್ಸಾಗದೆ ತೊಳಲುವ ಕಥೆ. ವಿಧವೆಯ ಪಾತ್ರ ಮೆರೆಟೆ ಎಂಬ ಹಿರಿಯ ನಟಿಯದು. ನಿರ್ಮಾಪಕ ಪ್ರೆಬೆನ್, ಮನೆ ಒತ್ತೆಯಿಟ್ಟು ಈ ಸಿನಿಮಾಕ್ಕೆ ಇಳಿದಿದ್ದವನು.

ಬೆಳಿಗ್ಗೆ ಬಂದ ಕೂಡಲೇ ಆಸ್ಗರ್ ನೇರ ವಿಬೆಕೆಯ ಕುರ್ಚಿಯ ಮುಂದೆ ನಿಲ್ಲುತ್ತಿದ್ದ.

"ಏನಮ್ಮಾ, ಇವತ್ತೂ ನಿನಗೆ ನಿರಾಸೆ. ರಾತ್ರಿಯೆಲ್ಲಾ ಪ್ರಯತ್ನಪಟ್ಟೆ, ಸಾಯೋಕಾಗ್ಲಿಲ್ಲ."

"ನನಗೆ ದಿನಗೂಲಿ. ನೀವಿದ್ದಷ್ಟು ದಿನ ನನಗೂ ಊಟ."

"ಹಾಗಾದ್ರೆ ನಿನ್ನ ಹೊಟ್ಟೆಗೋಸ್ಕರ ಇನ್ನೊಂದಿಷ್ಟು ದಿನ ಎಳೀತೀನಿ ಬಿಡು."

ದೀಪ ಹಿಡಿದವರು ನಗುತ್ತಿದ್ದರು. ವಿಬೆಕೆ ಮಫ್ಲರಿನೊಳಗೆ ಮುಖ ಹುದುಗಿಸಿ ತಾನೂ ನಗುತ್ತಿದ್ದಳು. ಇಡೀ ದಿನದಲ್ಲಿ ಅವಳಿಗೆಂದೇ ಯಾರಾದರೂ ಆಡುವ ಮಾತು ಅದೊಂದೇ. ಆ ಮಾತು ತಪ್ಪಿಹೋಗಬಾರದೆಂದು ಎಲ್ಲರಿಗಿಂತ ಮುಂಚೆ ಬಂದು ಕೂರುವುದು ಅವಳಿಗೆ ರೂಢಿಯಾಯಿತು.

ಒಂದು ಸೋಮವಾರ ಆಸ್ಗರ್ ಅಡುಗೆಮನೆಯ ದೃಶ್ಯಕ್ಕೆ ದೀಪ ಜೋಡಿಸಲು ಹೇಳಿದ. ವಿಧವೆ ಸತ್ತ ಗಂಡನ ಉಣ್ಣೆಯ ಸ್ವೆಟರನ್ನು ಮಡಿಸಿಡುವ ದೃಶ್ಯ. ಅದನ್ನು ಶುಕ್ರವಾರವೇ ತೆಗೆದಾಗಿತ್ತು. ಮುದುಕನಿಗೆ ಸಮಾಧಾನವಾಗಿಲ್ಲ, ಮತ್ತೆ ತೆಗೆಯುತ್ತಿದ್ದಾನೆ ಎಂದುಕೊಂಡು ಎಲ್ಲರೂ ಗೊಣಗುತ್ತ ಕೆಲಸಕ್ಕೆ ನಿಂತರು. ವಿಬೆಕೆ ಮಾತ್ರ ಅವನ ಕಣ್ಣು ನೋಡಿದಳು. ಮೆರೆಟೆ "ಹೋದ ಸಲದ ಹಾಗೇ ಮಡಿಸ್ಲಾ?" ಎಂದು ಕೇಳಿದಾಗ ಆ ಕಣ್ಣುಗಳಲ್ಲಿ ಸಂತೆಯಲ್ಲಿ ಕೈತಪ್ಪಿದ ಮಗುವಿನ ಗಾಬರಿಯಿತ್ತು.

ಮಧ್ಯಾಹ್ನ ಅವನು ರೈ ಬ್ರೆಡ್ಡು, ಉಪ್ಪುಮೀನಿನ ತಟ್ಟೆ ಹಿಡಿದು ಬಂದು ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. ಊಟದ ಡೇರೆಯಲ್ಲಿ ಮಾತೆಲ್ಲ ಒಮ್ಮೆಗೇ ತಗ್ಗಿತು. ಮತ್ತೆ ಗದ್ದಲವಾಗುವವರೆಗೆ ಕಾದು ಅವನು ಕೇಳಿದ.

"ಶುಕ್ರವಾರ ನಾವು ಏನು ತೆಗೆದ್ವಿ?"

"ಅಡುಗೆಮನೆ. ಸ್ವೆಟರ್ ಮಡಿಸೋದು."

ಅವನು ಮೀನಿನ ತುಂಡನ್ನು ತಟ್ಟೆಯಲ್ಲಿ ಆಚೀಚೆ ಸರಿಸಿದ. "ಚೆನ್ನಾಗಿ ಬಂದಿತ್ತಾ?"

"ಇವತ್ತಿಗಿಂತ ಚೆನ್ನಾಗಿ ಬಂದಿತ್ತು."

"ನಾಳೆ ಬೆಳಿಗ್ಗೆ ಬೇಗ ನನ್ನ ಗಾಡಿಗೆ ಬಾ," ಎಂದ ಅವನು. "ಯಾರಿಗೂ ಹೇಳೋದು ಬೇಡ."

ಅಂದಿನಿಂದ ಅವಳು ಬೆಳಕು ಹರಿಯುವ ಹೊತ್ತಿಗೆ ಅವನ ಗಾಡಿಗೆ ಹೋಗತೊಡಗಿದಳು. ದಿಬ್ಬದ ಮರೆಯಲ್ಲಿ ನಿಲ್ಲಿಸಿದ್ದ, ಒಳಗೇ ಹಾಸಿಗೆ, ಒಲೆ ಎಲ್ಲ ಇದ್ದ ಗಾಡಿ ಅದು. ಅವನು ಕಾಫಿ ಕಾಸಿ, ಅವಳ ಬ್ರೆಡ್ಡಿಗೂ ತಾನೇ ಬೆಣ್ಣೆ ಹಚ್ಚಿ ಇಟ್ಟಿರುತ್ತಿದ್ದ. ನಿನ್ನೆ ಏನಾಯಿತು, ಇವತ್ತು ಏನಾಗಬೇಕು, ಮೆರೆಟೆ ಯಾವ ಬಾಗಿಲಿನಿಂದ ಬರಬೇಕು, ಎಲ್ಲವನ್ನೂ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಕೆಲವು ದಿನ ಅವನಿಗೆ ಯಾವ ನೆರವೂ ಬೇಕಿರಲಿಲ್ಲ. ಅಂಥ ದಿನ ಅವನು ಬೇರೆ ಮಾತು ತೆಗೆಯುತ್ತಿದ್ದ.

"ನಿನ್ನ ಎರಡನೇ ಸಿನಿಮಾ ನೋಡಿದೀನಿ. ರೈಲು ನಿಲ್ದಾಣದ ಜಾಗ ಉದ್ದ ಆಯ್ತು. ಆದ್ರೆ ಆ ನಾಯಿ ಮನೆ ಹುಡುಕ್ಕೊಂಡು ಬರುತ್ತಲ್ಲ, ಅಲ್ಲಿ ನಾನು ನೆಟ್ಟಗೆ ಕೂತೆ."

ಆ ಸಿನಿಮಾವನ್ನು ಹೀಗೆ ನೆನಪಿಟ್ಟವರು ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ. ಅವಳು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಆಚೆ ನೋಡಿದಳು.

ತಾನು ಮಾಡಬೇಕಾದದ್ದೇನೆಂದು ಅವಳಿಗೆ ಗೊತ್ತಿತ್ತು. ಬೇಕರಿಯ ಮಹಡಿಯ ಬಾಡಿಗೆ ಕೋಣೆಯಲ್ಲಿ ಸಂಜೆ ಸಂಜೆಯೂ ಫೋನಿನ ಮುಂದೆ ಕೂತು, ಎದ್ದುಬಿಡುತ್ತಿದ್ದಳು. ಪಾಪ, ಅವನ ಕೊನೆಯ ಸಿನಿಮಾ, ಮುಗಿಸಿಕೊಳ್ಳಲಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಅರ್ಧ ನಿಜ. ತಾನು ಬರುತ್ತೇನೆಂದು ಬೆಳಿಗ್ಗೆ ಎದ್ದು ಕಾಫಿಗೆ ಇಡುವ ಒಂದು ಜೀವ ಇದೆ ಎಂಬುದು ಉಳಿದರ್ಧ.

ದೋಣಿಯ ದೃಶ್ಯದ ದಿನ ಅಲೆ ಎದ್ದಿತ್ತು. ಮೆರೆಟೆ ಒಬ್ಬಳೇ ಗಂಡನ ದೋಣಿಯಲ್ಲಿ ಕೂತು ಸ್ವಲ್ಪ ದೂರ ತೇಲಿ ಹೋಗಬೇಕು. ದೋಣಿಗೆ ನೀರಿನ ಕೆಳಗೆ ಕಾಣದಂತೆ ಹಗ್ಗ ಕಟ್ಟಿತ್ತು, ದಡದಲ್ಲಿ ಊರಿನ ಮೀನುಗಾರರು ಅದನ್ನು ಹಿಡಿದು ನಿಂತಿದ್ದರು. ಆಸ್ಗರ್ 'ಎಳೀರಿ' ಎಂದ ಕೂಡಲೇ ಎಳೆಯಬೇಕು. ಬೆಳಿಗ್ಗೆ ಗಾಡಿಯಲ್ಲಿ ಈ ಮಾತನ್ನು ಇಬ್ಬರೂ ಮತ್ತೆ ಮತ್ತೆ ಆಡಿದ್ದರು.

ಕ್ಯಾಮೆರಾ ಓಡತೊಡಗಿತು. ದೋಣಿ ತೇಲಿತು. ಮೆರೆಟೆ ಚಿತ್ರಕಥೆಯಲ್ಲಿದ್ದಂತೆ ಮುಖ ತಿರುಗಿಸಿದಳು. ದೃಶ್ಯ ಮುಗಿಯಿತು. ಆಸ್ಗರ್ ಸುಮ್ಮನೆ ನಿಂತಿದ್ದ. ಮೊದಲ ದೊಡ್ಡ ಅಲೆಗೆ ದೋಣಿ ಅಡ್ಡ ತಿರುಗಿತು. ಮೀನುಗಾರರು ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಸಮುದ್ರ ನೋಡುತ್ತಿದ್ದ, ಸುಮ್ಮನೆ ಸಮುದ್ರ ನೋಡಲೆಂದು ಬಂದವನಂತೆ.

"ಹಗ್ಗ ಎಳೀರಿ," ಎಂದು ವಿಬೆಕೆ ಕೂಗಿದಳು.

ಅವಳ ದನಿ ಅಷ್ಟು ದೊಡ್ಡದೆಂದು ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಅಲೆ ಬಡಿಯುವಷ್ಟರಲ್ಲಿ ದೋಣಿ ದಡದತ್ತ ಬಂದಿತ್ತು. ಮೆರೆಟೆ ಸೊಂಟದವರೆಗೆ ನೆನೆದು, ಉಳುಕಿದ ಮಣಿಕಟ್ಟನ್ನು ಎದೆಗೊತ್ತಿಕೊಂಡು ಇಳಿದಳು. ಕಂಬಳಿ ಹೊದಿಸಲು ಬಂದ ವಿಬೆಕೆಯನ್ನು ತಡೆದು ಕೇಳಿದಳು:

"ಅವನಿಗೆ ಎಷ್ಟು ದಿನದಿಂದ ಹೀಗೆ?"

ವಿಬೆಕೆ ಕಂಬಳಿಯನ್ನು ಅವಳ ಹೆಗಲಿಗೆ ಹೊದಿಸಿದಳು.

ಆ ಸಂಜೆ ಅವಳು ಪ್ರೆಬೆನ್‌ಗೆ ಎಲ್ಲವನ್ನೂ ಹೇಳಿ, ಅವನೆದುರೇ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯ ಅಧಿಕಾರಿ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ನಿಮಗೆ ಯಾವತ್ತು ಗೊತ್ತಾಯ್ತು?"

ಮೇಜಿನ ಆಚೆ ಪ್ರೆಬೆನ್ ಬಾಯಲ್ಲಿ ಸದ್ದಿಲ್ಲದೆ 'ಇವತ್ತು, ಇವತ್ತು' ಎನ್ನುತ್ತಿದ್ದ. ಇವತ್ತು ಎಂದರೆ ಎಲ್ಲವೂ ಸುಗಮ. ಗೊತ್ತಿದ್ದೂ ಮುಚ್ಚಿಟ್ಟರೆಂದಾದರೆ ವಿಮೆಯೇ ಬಿದ್ದುಹೋಗಬಹುದು, ಪ್ರೆಬೆನ್‌ನ ಮನೆಯೂ ಅದರ ಹಿಂದೆ.

"ಎರಡು ವಾರ ಆಯ್ತು," ಎಂದಳು ವಿಬೆಕೆ. "ಪ್ರೆಬೆನ್‌ಗೆ ಗೊತ್ತಿರ್ಲಿಲ್ಲ. ಗೊತ್ತಿದ್ದದ್ದು ನಿಮ್ಮ ಕಡೆಯಿಂದ ಬಂದಿರೋ ನನಗೊಬ್ಬಳಿಗೇ."

ಆ ಕಡೆ ಕಾಗದ ತಿರುವುವ ಸದ್ದು ಕೇಳಿಸಿತು.

"ನಾಳೆ ಬೆಳಿಗ್ಗೆ ನೀವು ಕೆಲಸ ಶುರು ಮಾಡೋಕಾಗುತ್ತಾ?"

"ಆಗುತ್ತೆ."

"ಒಂದು ದಿನವೂ ನಿಲ್ಬಾರ್ದು. ನಿಲ್ಲದಿದ್ರೆ ನಷ್ಟ ಇಲ್ಲ. ನಷ್ಟ ಇಲ್ಲದ ಕಡೆ ನಮ್ಮವರು ಕೆದಕೋಕೆ ಹೋಗಲ್ಲ. ಆದ್ರೆ ವಿಬೆಕೆ, ಇದೇ ಕೊನೆ. ಇನ್ನು ನಮ್ಮಿಂದ ಕರೆ ಬರಲ್ಲ."

"ಗೊತ್ತು," ಎಂದು ಅವಳು ಫೋನ್ ಇಟ್ಟಳು. ಪ್ರೆಬೆನ್ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದ. ಅವಳಿಗೆ ಒಂದು ಲೋಟ ನೀರು ಕೊಡಬೇಕೆಂದೂ ಅವನಿಗೆ ತೋಚಲಿಲ್ಲ.

ಡಾಕ್ಟರನ್ನು ಕರೆದುಕೊಂಡು ಹೋಗಿ ಆಸ್ಗರ್‌ಗೆ ವಿಷಯ ತಿಳಿಸಿದ್ದು ಪ್ರೆಬೆನ್ನೇ. ವಿಬೆಕೆ ಗಾಡಿಯ ಹೊರಗೆ ನಿಂತಿದ್ದಳು. ಬಾಗಿಲು ತೆರೆದಾಗ ಮುದುಕ ಅವಳನ್ನು ಕಂಡ.

"ನನ್ನ ಜಾಗಕ್ಕೇ ಕಾಯ್ತಾ ಕೂತಿದ್ದೆ ನೀನು. ಸಿಕ್ತಲ್ಲ, ತಗೋ," ಎಂದ. ಈ ಸಲ ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಕಾಲು ತಾನಾಗಿ ಅದೇ ದಾರಿ ಹಿಡಿಯಿತು. ದೂರದಿಂದ ನೋಡಿ ಹೋಗಿಬಿಡೋಣವೆಂದುಕೊಂಡಿದ್ದಳು. ಗಾಡಿಯ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಎರಡು ಲೋಟ, ಬೆಣ್ಣೆ ಹಚ್ಚಿದ ಬ್ರೆಡ್ಡು.

"ತಡ ಮಾಡ್ಬಿಟ್ಟೆ ನೀನು," ಎಂದ ಆಸ್ಗರ್. "ಬೇಗ ಹೇಳು, ಇವತ್ತು ಏನು ತೆಗೆಯೋದು?"

ಹಿಂದಿನ ಸಂಜೆ ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಅವಳು ಬಾಗಿಲಲ್ಲೇ ನಿಂತಳು. ಆಮೇಲೆ ಒಳಗೆ ಬಂದು ಕೂತು, "ದೋಣಿ ಮಾರೋ ದೃಶ್ಯ," ಎಂದಳು.

"ಹಾಂ. ಅದರಲ್ಲಿ ಒಂದು ತಪ್ಪಿದೆ ಕಣಮ್ಮ. ಮೆರೆಟೆ ದೋಣಿ ಕಡೆ ನೋಡ್ತಾ ನಿಲ್ಲೋದು ಬೇಡ. ಕೊಂಡುಕೊಂಡವನ ಬೂಟು ನೋಡ್ಲಿ. ಹೊಸಬನೋ, ಸಮುದ್ರ ಕಂಡವನೋ ಅಂತ ಬೂಟು ನೋಡಿದ್ರೆ ಗೊತ್ತಾಗುತ್ತಲ್ಲ."

"ಬೂಟು ಹಳೇದಿದ್ರೆ?"

"ಹಳೇದಿದ್ರೆ ಅವಳಿಗೆ ಸಮಾಧಾನ ಆಗುತ್ತೆ. ಆ ಸಮಾಧಾನದಲ್ಲೇ ಅಳು ಬರ್ಲಿ."

ಇಬ್ಬರೂ ಕಾಫಿ ಕುಡಿದರು. ಅವಳು ಹೊರಟಾಗ, "ನೀನು ಮುಂದೆ ನಡಿ, ಶೂ ಹಾಕ್ಕೊಂಡು ಬರ್ತೀನಿ," ಎಂದ.

ಅವನನ್ನು ತನ್ನ ಮನೆಗೆ ಕರೆದೊಯ್ಯಲು ಒಡೆನ್ಸೆಯಿಂದ ಅವನ ಮಗಳು ಮಧ್ಯಾಹ್ನದ ಹೊತ್ತಿಗೆ ಬಂದಳು. ಮರಳಿನ ಮೇಲೆ ಕ್ಯಾಮೆರಾ ಓಡುತ್ತಿತ್ತು, ಮೆರೆಟೆ ತಲೆ ಬಗ್ಗಿಸಿ ಒಬ್ಬ ಮೀನುಗಾರನ ಸವೆದ ಬೂಟುಗಳನ್ನು ನೋಡುತ್ತಿದ್ದಳು. ದಿಬ್ಬದ ರಸ್ತೆಯಲ್ಲಿ ಕಾರು ಹೋದ ಸದ್ದು ವಿಬೆಕೆಗೆ ಕೇಳಿಸಿತು. ತಿರುಗಿ ನೋಡುವಂತಿರಲಿಲ್ಲ. ಅವಳು ಮೆರೆಟೆಯ ಮುಖವನ್ನೇ ನೋಡುತ್ತ, ಸಾಕು ಎನ್ನಬೇಕಾದ ಹೊತ್ತಿಗೆ ಸಾಕು ಎಂದಳು.

ಉಳಿದ ಚಿತ್ರವನ್ನು ಅವಳು ಆಸ್ಗರ್ ಬಯಸಿದ್ದಂತೆಯೇ ಮುಗಿಸಿದಳು. ತನಗೆ ಬೇರೆ ರೀತಿ ತೋಚಿದ ಕಡೆಯೂ ಕೈ ಹಿಂದಕ್ಕೆ ಎಳೆದುಕೊಂಡಳು. ಸೆಟ್ಟಿನವರು ಹೇಳಿದ್ದನ್ನು ಹೇಳಿದಂತೆ ಮಾಡಿದರು. ಕಾಗೆ ಎನ್ನುವುದನ್ನು ಬಿಟ್ಟರು, ಬೇರೇನೆಂದೂ ಕರೆಯಲಿಲ್ಲ.

ಚಿತ್ರ ಮರುವರ್ಷ ಆಸ್ಗರ್‌ನ ಹೆಸರಿನಲ್ಲಿ ಬಂತು, ಒಳ್ಳೆಯ ಹೆಸರೂ ಮಾಡಿತು. ವಿಬೆಕೆ ಅದನ್ನು ಓರ್ಹುಸ್‌ನಲ್ಲಿ ಟಿಕೆಟ್ ಕೊಂಡು ನೋಡಿದಳು. ಬೂಟಿನ ದೃಶ್ಯಕ್ಕೆ ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಚಳಿಗಾಲ ಕಳೆದ ಮೇಲೆ ಒಡೆನ್ಸೆಗೆ ಹೋಗಿ ಆಸ್ಗರ್‌ನನ್ನು ಕಂಡಳು. ಅವನು ಎದ್ದು ನಿಂತು, ಪರಿಚಯವಿಲ್ಲದವರಿಗೆ ತೋರುವ ಮರ್ಯಾದೆಯಿಂದ ಕುರ್ಚಿ ತೋರಿಸಿ, ಕೇಕು ಮುಂದಿಟ್ಟ.

"ನೀವು ಸಿನಿಮಾದವರಾ?"

"ಸ್ವಲ್ಪ ದಿನ ಇದ್ದೆ."

"ಬಿಟ್ಟಿದ್ದು ಒಳ್ಳೇದಾಯ್ತು. ಒಂಟಿ ಕೆಲಸ ಅದು," ಎಂದ.

ಅವಳು ಕೇಕಿನ ಕೊನೆಯ ಚೂರನ್ನೂ ತಿಂದು ಎದ್ದಳು. ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದು ಹೋದವು, ಅವಳು ಹತ್ತಲಿಲ್ಲ. ಕೊನೆಗೆ ಒಂದನ್ನು ಹತ್ತಿ ಕತ್ತಲಾಗುವ ಮುಂಚೆ ಮನೆ ಸೇರಿದಳು. ಮುದುಕ ಆ ಬೇಸಿಗೆಯಲ್ಲೇ ತೀರಿಕೊಂಡ.

ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ವಿಬೆಕೆ ಕರಾವಳಿಯ ಆ ಊರಿಗೇ ಹೋಗಿ ಸಣ್ಣ ಮನೆ ಹಿಡಿದಳು. ಯಾಕೆಂದು ಯಾರಾದರೂ ಕೇಳಿದರೆ, ಬಾಡಿಗೆ ಕಡಿಮೆ ಎನ್ನುತ್ತಾಳೆ. ಬೇಸಿಗೆ ಕಳೆಯಲು ಬಂದವರು ಮನೆಗಳಿಗೆ ಬೀಗ ಹಾಕಿಕೊಂಡು ಹೋದ ಮೇಲೆ ಅವಳ ಓಣಿಯಲ್ಲಿ ದೀಪ ಉರಿಯುವುದು ಅವಳ ಕಿಟಕಿಯಲ್ಲಿ ಮಾತ್ರ. ಬಿರುಗಾಳಿ ಬೀಸಿ ದೋಣಿಗಳಿಗೆ ಪೆಟ್ಟಾದಾಗ, ವಿಮೆಗೆ ತೋರಿಸಲು ಫೋಟೋ ಬೇಕೆಂದು ಮೀನುಗಾರರು ಅವಳನ್ನು ಕರೆಯುತ್ತಾರೆ. ಅವಳು ದೊಡ್ಡ ಕ್ಯಾಮೆರಾ ಹೊತ್ತು ಹೋಗಿ, ಒಡೆದ ಹಲಗೆ, ಕಿತ್ತ ಮೊಳೆ, ಬಾಗಿದ ಚುಕ್ಕಾಣಿ ಎಲ್ಲವನ್ನೂ ಬೆಳಕು ನೋಡಿ, ಅವಸರವಿಲ್ಲದೆ ತೆಗೆಯುತ್ತಾಳೆ. ಕೆಲವರು ಒಳಗೆ ಕರೆದು ಕಾಫಿ ಕೊಡುತ್ತಾರೆ. ಕೆಲವರು ದೋಣಿಯ ಚಿಂತೆಯಲ್ಲಿ ಮರೆಯುತ್ತಾರೆ. ಆಗ ಅವಳು ಲೆನ್ಸಿನ ಮೇಲೆ ಕೂತ ಉಪ್ಪನ್ನು ಒರೆಸಿ, ಚೀಲ ಹೆಗಲಿಗೇರಿಸಿ, ಗಾಳಿಗೆ ಬೆನ್ನು ಕೊಟ್ಟು ಮನೆ ಕಡೆ ನಡೆಯುತ್ತಾಳೆ.