ಗಣಪತಿಯ ಟಿಕೆಟ್

ಅವರ ಕೊರಳಲ್ಲಿ ಸರವಿರಲಿಲ್ಲ, ಪೆನ್ಸಿಲ್ ಇತ್ತು. ಒಂದು ತುದಿ ನೀಲಿ, ಇನ್ನೊಂದು ಕೆಂಪು. ನಡುವೆ ಹಸಿರು ದಾರ ಬಿಗಿದು ಕಟ್ಟಿದ್ದರು. ಸರಿಯಾದದ್ದಕ್ಕೆ ನೀಲಿ, ರದ್ದಾದದ್ದಕ್ಕೆ ಕೆಂಪು. ಹೆಚ್ಚು ಸವೆದದ್ದು ಕೆಂಪು ತುದಿಯೇ.

ಸ್ವೀಡನ್ನಿನ ಉಪ್ಸಾಲಾದ ನಮ್ಮ ಪುಟ್ಟ ಕನ್ನಡ ಸಂಘದವರೆಲ್ಲ ಅವರನ್ನು ಕಂಟ್ರೋಲರಮ್ಮ ಎನ್ನುತ್ತಿದ್ದೆವು. ಇಲ್ಲಿ ಸಂಘವೊಂದು ಊರಿಗೆಲ್ಲ ಲಾಟರಿ ಟಿಕೆಟ್ ಮಾರಬೇಕಾದರೆ ಕೊಮ್ಮೂನಿನಲ್ಲಿ, ಅಂದರೆ ನಗರಾಡಳಿತದಲ್ಲಿ, ನೋಂದಾಯಿಸಬೇಕು. ಡ್ರಾ ನೆಟ್ಟಗೆ ನಡೆಯುತ್ತದೆಯೇ ಎಂದು ನೋಡಲು ಅವರು ಒಬ್ಬ ಕಂಟ್ರೋಲರನ್ನು ಕಳಿಸುತ್ತಾರೆ. ಕಚೇರಿಯಿಂದ ನಿವೃತ್ತರಾದ ಮೇಲೂ ಈಕೆ ಆ ಕೆಲಸ ಬಿಟ್ಟಿರಲಿಲ್ಲ. ಫುಟ್‌ಬಾಲ್ ಕ್ಲಬ್ಬಾಗಲಿ, ಚರ್ಚಿನ ಗಾಯನ ತಂಡವಾಗಲಿ, ನಾವಾಗಲಿ, ಎಲ್ಲರೂ ಆ ಪೆನ್ಸಿಲಿನ ಕೆಳಗೆ ಹಾದು ಹೋಗಲೇಬೇಕು. ಹಿಮ ಬಿದ್ದರೂ ಸೈಕಲ್ಲಿನಲ್ಲೇ ಬರುತ್ತಿದ್ದರು, ನಿಗದಿಯಾದ ಹೊತ್ತಿಗೆ ಹತ್ತು ನಿಮಿಷ ಮುಂಚೆ. ಸ್ವೀಡಿಷರ ರೂಢಿಯಂತೆ ಎಲ್ಲರನ್ನೂ ನೀನು ಎನ್ನುವರು, ತಮ್ಮನ್ನೂ ನೀನು ಎನ್ನಿ ಎನ್ನುವರು. ಅದೊಂದು ನನ್ನಿಂದ ಕೊನೆಯವರೆಗೂ ಆಗಲಿಲ್ಲ.

ಆ ಯುಗಾದಿಗೆ ಮಕ್ಕಳ ಕನ್ನಡ ತರಗತಿಗೆ ಪುಸ್ತಕ ತರಿಸಲೆಂದು ಲಾಟರಿ ಇಟ್ಟಿದ್ದೆವು. ಅದರ ಹೊಣೆ ನನ್ನದು. ಒಂದನೇ ನಂಬರಿನ ಟಿಕೆಟ್ಟನ್ನು ಯಾರಿಗೂ ಮಾರದೆ ಗಣಪತಿಯ ಪಟದ ಮುಂದೆ ಇಡುವ ಉಪಾಯವೂ ನನ್ನದೇ. ಡ್ರಾಗೆ ಮುಂಚೆ ಪಟ್ಟಿ ನೋಡುತ್ತಿದ್ದ ಕಂಟ್ರೋಲರಮ್ಮ ತಲೆ ಎತ್ತಿ ಕೇಳಿದರು:

"ಒಂದನೇ ನಂಬರ್ ಎಲ್ಲಿ?"

ನಾನು ಪಟವನ್ನು ತೋರಿಸಿದೆ. ಅವರು ಎದ್ದು ಹೋಗಿ, ಹೂವಿನ ನಡುವೆ ಇದ್ದ ಟಿಕೆಟ್ಟನ್ನು ಕೈ ತಾಗಿಸದೆ ನೋಡಿ ಬಂದರು.

"ಇದು ಗೆದ್ದರೆ ಬಹುಮಾನ ಯಾರಿಗೆ?"

"ಸಂಘಕ್ಕೆ."

"ಹಾಗಾದರೆ ಲಾಟರಿ ನಡೆಸುವವರೇ ಲಾಟರಿ ಆಡಿದ ಹಾಗಾಯಿತು. ಇದು ಇರುವವರೆಗೆ ಡ್ರಾ ಇಲ್ಲ."

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ನಮ್ಮ ಅಧ್ಯಕ್ಷರು ನನ್ನ ತೋಳು ಹಿಡಿದು, "ದೇವ್ರ ಟಿಕೆಟ್ ಕ್ಯಾನ್ಸಲ್ ಮಾಡೋದಾ? ಹಬ್ಬದ ದಿನ ಕಣ್ರೀ, ಏನಾದ್ರೂ ಹೇಳಿ ಅವ್ರಿಗೆ," ಎಂದರು. ಹೇಳಿದೆ. ಕಂಟ್ರೋಲರಮ್ಮ ಸ್ವಲ್ಪ ಯೋಚಿಸಿದರು.

"ಟಿಕೆಟ್ ನಿಮ್ಮ ದೇವರ ಹತ್ತಿರವೇ ಇರಲಿ. ಆದರೆ ಗೆಲ್ಲುವ ಹಾಗಿಲ್ಲ."

ಡಬ್ಬಿಯಿಂದ ಒಂದನೇ ನಂಬರಿನ ಚೀಟಿ ಹುಡುಕಿ ತೆಗೆಸಿ, ಎಲ್ಲರೆದುರು ಅದಕ್ಕೆ ಕೆಂಪು ಗೆರೆ ಎಳೆದರು. ಪಟ್ಟಿಯಲ್ಲೂ ಎಳೆದರು. ಪಕ್ಕದಲ್ಲಿ ನಾನು ಸಹಿ ಹಾಕಿದೆ. ಡ್ರಾ ನಡೆಯಿತು, ಪುಸ್ತಕಗಳೂ ಬಂದವು.

ಆಮೇಲೆ ಫಿಕಾ. ಕಾಫಿ ಕುಡಿಯುತ್ತ ಕೂರುವ ಆ ವಿರಾಮಕ್ಕೆ ನಾವು ಒಬ್ಬಟ್ಟು ಸೇರಿಸಿದ್ದೆವು. ಅವರು ಒಬ್ಬಟ್ಟು ಮುರಿಯುತ್ತ, ತೀರಾ ಸಹಜವಾಗಿ ಕೇಳಿದರು: "ನೀನು ಯಾವುದರ ಮೇಲೆ ಬಾಜಿ ಕಟ್ಟುತ್ತೀ?"

ನಾನು ಆಡುವುದಿಲ್ಲ ಎಂದೆ.

"ಅದೃಷ್ಟಕ್ಕೆ ಒಂದು ಪಾಲು ತೆಗೆದಿಡುವವರು ತಾವೂ ಆಡುವವರೇ. ಈ ಕೆಲಸದಲ್ಲಿ ಬೇಕಾದಷ್ಟು ಜನರನ್ನು ನೋಡಿದ್ದೇನೆ. ಸಹಿ ಹಾಕುವಾಗಲೂ ನೀನು ಮೊಬೈಲ್ ನೋಡಿದೆ."

ಅವರು ಹೇಳಿದ್ದು ನಿಜ. ಕ್ರಿಕೆಟ್ ಪಂದ್ಯಗಳ ಮೇಲೆ ಮೊಬೈಲಿನಲ್ಲಿ ಕಟ್ಟುವ ಚಟ ಹತ್ತಿ ಒಂದೂವರೆ ವರ್ಷವಾಗಿತ್ತು. ಹೆಂಡತಿಯ ಪಾಲಿಗೆ ನಾನು ಬಾಗಿಲು ಹಾಕಿಕೊಂಡು ಥೀಸಿಸ್ ಬರೆಯುತ್ತಿದ್ದೆ. ಥೀಸಿಸ್ ಎರಡನೇ ಅಧ್ಯಾಯದಲ್ಲೇ ನಿಂತಿತ್ತು. ಇನ್ನು ಆರು ತಿಂಗಳು ಹಾಗೇ ಹೋಗಿದ್ದರೆ ಡಿಗ್ರಿಯೂ ಇಲ್ಲ, ಮನೆಯಲ್ಲಿ ಮುಖವೂ ಇಲ್ಲ.

ಅವರು ಉಪದೇಶ ಮಾಡಲಿಲ್ಲ, ಚರಿತ್ರೆ ಹೇಳಿದರು. ಹಿಂದೆ ಇಲ್ಲಿ ಖಜಾನೆ ತುಂಬಿಸಲು ಆಳುವವರೇ ಲಾಟರಿ ನಡೆಸುತ್ತಿದ್ದರಂತೆ. ಬಡವರು ಹಾಳಾಗುತ್ತಾರೆಂದು ಆಮೇಲೆ ನಿಲ್ಲಿಸಿದರು. ಜನ ಕದ್ದು ಫುಟ್‌ಬಾಲ್ ಮೇಲೆ ಕಟ್ಟತೊಡಗಿದಾಗ ಆ ವ್ಯಾಪಾರವನ್ನು ಸರ್ಕಾರ ತನ್ನ ಹಿಡಿತಕ್ಕೇ ತೆಗೆದುಕೊಂಡಿತು. ಎಷ್ಟೋ ಕಾಲ ಹಾಗೇ ನಡೆಯಿತು. ಅಷ್ಟರಲ್ಲಿ ಇಂಟರ್ನೆಟ್ ಬಂತು, ಹೊರದೇಶದ ಕಂಪನಿಗಳು ನೇರ ಜನರ ಜೇಬಿನೊಳಗೇ ಬಂದು ಕೂತವು. ತಡೆಯಲಾಗದೆ ಈಗ ಲೈಸೆನ್ಸ್ ಕೊಟ್ಟು ಷರತ್ತು ಹಾಕಿದ್ದಾರೆ.

"ಆ ಷರತ್ತುಗಳಲ್ಲಿ ಒಂದು ಮಾತ್ರ ನಿನಗೆ ಬೇಕಾದದ್ದು," ಎಂದರು. "ಒಂದು ರಿಜಿಸ್ಟರ್ ಇದೆ. ಅಲ್ಲಿ ನಿನ್ನನ್ನು ನೀನೇ ನಿಷೇಧಿಸಿಕೊಳ್ಳಬಹುದು. ಆಮೇಲೆ ಲೈಸೆನ್ಸ್ ಇರುವ ಯಾವ ಸೈಟೂ ನಿನ್ನನ್ನು ಒಳಗೆ ಬಿಡುವ ಹಾಗಿಲ್ಲ. ಲೈಸೆನ್ಸ್ ಇಲ್ಲದವರನ್ನು ರಿಜಿಸ್ಟರ್ ತಡೆಯುವುದಿಲ್ಲ, ಅಲ್ಲಿಗೆ ನೀನೇ ಹೋಗಬಾರದು."

"ಒಂದು ತಿಂಗಳಿಗೆ ಹಾಕಿಕೊಳ್ಳಲೇ?" ಎಂದು ಕೇಳಿದೆ. ಚೌಕಾಸಿ ಮಾಡುವುದು ನಮಗೆ ರಕ್ತದಲ್ಲೇ ಬಂದಿದೆ.

ಅವರು ತಮ್ಮ ಮೊಬೈಲ್ ತೆರೆದು ನನ್ನ ಮುಂದೆ ಹಿಡಿದರು. ಅವರದೇ ಹೆಸರು, ಎದುರಿಗೆ 'ಮುಂದಿನ ಸೂಚನೆಯವರೆಗೆ' ಎಂದಿತ್ತು. ಊರಿನ ಲಾಟರಿಗಳನ್ನೆಲ್ಲ ಕಾಯುವ ಹೆಂಗಸು ತಾನೇ ನಿಷೇಧಿತೆ. ಗಂಡ ತೀರಿಕೊಂಡ ವರ್ಷ ಒಬ್ಬರೇ ಕೂತು ಆನ್‌ಲೈನ್ ಬಿಂಗೊ ಆಡುತ್ತ ಬೇಸಿಗೆಮನೆಯನ್ನು ಕಳೆದುಕೊಂಡೆ ಎಂದರು, ಬಸ್ ತಪ್ಪಿತು ಎನ್ನುವಷ್ಟು ಸಾದಾ ದನಿಯಲ್ಲಿ. ನನಗೆ ಅಳು ಬಂತು. ಅಲ್ಲೇ, ಒಬ್ಬಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ನನ್ನ ಮೊಬೈಲಿನಲ್ಲಿ ಆ ರಿಜಿಸ್ಟರ್ ತೆರೆದು, ಅವರು ತೋರಿಸಿದ ಸಾಲನ್ನೇ ಒತ್ತಿದೆ.

"ಈಗ ಮನೆಗೆ ಹೋಗಿ ಹೇಳು. ಆ ಕೆಲಸ ರಿಜಿಸ್ಟರಿನಿಂದ ಆಗುವುದಿಲ್ಲ."

ಹೇಳಿದೆ. ಹೆಂಡತಿ, "ದಿನಾ ಬಾಗ್ಲು ಹಾಕ್ಕೊಂಡು ಬರೀತಿದ್ದ ಥೀಸಿಸ್ಸು ಇದೇನಾ?" ಎಂದಳು. ಬಾಗಿಲು ಅಂದಿನಿಂದ ತೆರೆದೇ ಇದೆ. ನಿಜವಾದ ಥೀಸಿಸ್ ಮುಗಿಯಿತು. ಅದರ ಕೃತಜ್ಞತೆಯ ಪುಟದಲ್ಲಿ ಕಂಟ್ರೋಲರಮ್ಮನ ಹೆಸರಿದೆ. ಯಾಕೆಂದು ನನ್ನ ಪ್ರೊಫೆಸರಿಗೆ ಇವತ್ತಿಗೂ ಗೊತ್ತಿಲ್ಲ.

ವರ್ಷ ಕಳೆದ ಮೇಲೆ ನಿಷೇಧ ತೆಗೆಸಬಹುದಿತ್ತು. ಕಂಟ್ರೋಲರಮ್ಮನನ್ನು ಕೇಳಲು ಹೋದೆ. "ಈಗ ಹೇಗಿದ್ದೀ?" ಎಂದರು. ಚೆನ್ನಾಗಿದ್ದೇನೆ ಎಂದೆ. "ಹಾಗಾದರೆ ಅದನ್ನು ಯಾಕೆ ಮುಟ್ಟುತ್ತೀ?"

ಕಳೆದ ಶರತ್ಕಾಲದಲ್ಲಿ ಅವರು ಹೋದರು. ಕಾಯಿಲೆ ಬಿದ್ದಾಗಲೇ ತಮ್ಮ ಜಾಗಕ್ಕೆ ಕೊಮ್ಮೂನಿಗೆ ನನ್ನ ಹೆಸರು ಹೇಳಿದ್ದರು. ನನ್ನ ವಿಷಯವೆಲ್ಲ ಗೊತ್ತಿದ್ದೂ ಹೇಳಿದ್ದರು, ಅಥವಾ ಗೊತ್ತಿದ್ದುದರಿಂದಲೇ. ಹಸಿರು ದಾರದ ಪೆನ್ಸಿಲ್ಲನ್ನು ಅವರ ಮಗಳು ತಂದುಕೊಟ್ಟಳು. ಈಗ ಫುಟ್‌ಬಾಲ್ ಕ್ಲಬ್ಬಿಗೂ ಗಾಯನ ತಂಡಕ್ಕೂ ನಾನೇ ಕಂಟ್ರೋಲರು. ನಮ್ಮ ಸಂಘಕ್ಕೆ ಮಾತ್ರ ನಾನಾಗುವಂತಿಲ್ಲ, ನಮ್ಮವರ ಲಾಟರಿಯನ್ನು ನಾವೇ ಕಾಯಬಾರದು. ಹಾಗಾಗಿ ಈ ಯುಗಾದಿಗೆ ಬೇರೊಬ್ಬರು ಬಂದರು. ಅವರು ಕೇಳುವ ಮೊದಲೇ ಕೊರಳಿನ ಪೆನ್ಸಿಲ್ ತೆಗೆದು ಕೊಟ್ಟು, ಒಂದನೇ ನಂಬರನ್ನು ತೋರಿಸಿ, ಇದನ್ನು ಹೊಡೆದುಹಾಕಿ ಎಂದೆ.

ಗಣಪತಿ ಇದುವರೆಗೆ ಒಮ್ಮೆಯೂ ಗೆದ್ದಿಲ್ಲ. ಆ ಫಿಕಾದ ನಂತರ ನಾನೂ ಒಮ್ಮೆಯೂ ಆಡಿಲ್ಲ.